ವೀರನ ಕೋಟಿಗೆ ಇಸ್ತ್ರಿ

ಹೇಳಿಬಿಡಲೇ, ಬೇಡವೇ? ಹೇಳಿದರೂ ನಂಬುವವರು ಯಾರು? ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತೂ ಅಂಗಡಿಯವನ ತಲೆಯೊಳಗೆ ಇದೇ ಕುದಿಯುತ್ತಿತ್ತು. ಮೇಜಿನ ಮೇಲೆ ದಪ್ಪ ಉಣ್ಣೆಯ ಸೈನಿಕ ಕೋಟು ತೋಳು ಚಾಚಿ ಮಲಗಿತ್ತು. ಅದನ್ನು ತಂದ ಮುದುಕಿ ಎದುರಿನ ಸ್ಟೂಲಿನಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದಳು.

ಯುದ್ಧದಲ್ಲಿ ಸತ್ತ ವೀರನ ತಾಯಿ ಆಕೆ. ಮರುದಿನ ಸಮಾರಂಭ; ಮಗನಿಗೆ ಮರಣೋತ್ತರ ಶೌರ್ಯಪದಕ. ಕೋಟನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಸುಕ್ಕಿರಬಾರದಂತೆ. ವೀರರು ಸುಕ್ಕಾಗುವುದು ಸರ್ಕಾರಕ್ಕೆ ಹಿಡಿಸುವುದಿಲ್ಲ.

ಬೇರೆ ಇಸ್ತ್ರಿ ಅಂಗಡಿಗಳಿದ್ದವು. ಆಕೆ ಬೇಕೆಂದೇ ಇಲ್ಲಿಗೆ ಬಂದಿದ್ದಳು. ಬೆಟ್ಟದ ತುದಿಯ ಕಾವಲುಠಾಣೆಯಲ್ಲಿ ಮಗನ ಜೊತೆಗಾರನಾಗಿದ್ದವನು ಇವನೇ. ದಾಳಿಯ ದಿನ ಕೋಟಿಲ್ಲದೆ, ಬಂದೂಕಿಲ್ಲದೆ, ಎಲ್ಲೋ ಹಿಂದೆ ವೈದ್ಯರ ಡೇರೆಯ ಬಳಿ ಸಿಕ್ಕಿಬಿದ್ದವನೂ ಇವನೇ. ಮೈಮೇಲೆ ಗಾಯವಿಲ್ಲದವನಿಗೆ ಅಲ್ಲೇನು ಕೆಲಸ ಎಂದು ವಿಚಾರಣೆಯಲ್ಲಿ ಕೇಳಿದರು. ಚಳಿಗೆ ಮರಗಟ್ಟಿದ ನಾಲಿಗೆ ಸಡಿಲವಾಗುವಷ್ಟರಲ್ಲಿ ತೀರ್ಪು ಬರೆದಾಗಿತ್ತು. ಸೇನೆ ಅವನನ್ನು ಹೊರಗೆ ಹಾಕಿತು. ಬೀದಿ ‘ಓಟಗಾರ’ ಎಂದು ಹೆಸರಿಟ್ಟು ಒಳಗೆ ಸೇರಿಸಿಕೊಂಡಿತು.

“ಏನ್ ಓಟಗಾರ, ವೀರರ ಬಟ್ಟೆ ಮುಟ್ಟೋಕೆ ಕೈ ನಡುಗಲ್ವಾ?” ಪಕ್ಕದ ಕ್ಷೌರಿಕ ಬಾಗಿಲಲ್ಲಿ ಇಣುಕಿದ.

“ನಿನ್ನ ಕತ್ತಿ ನಡುಗದಿದ್ರೆ ಸಾಕು ಹೋಗಪ್ಪ. ಗಿರಾಕಿ ಅರ್ಧ ಗಡ್ಡದಲ್ಲಿ ಕೂತಿದಾನೆ.”

ಕ್ಷೌರಿಕ ಹೋದ ಮೇಲೆ ಮುದುಕಿ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

“ನೀನು ಓಡಿದ್ದಕ್ಕೆ ನನಗೆ ಸಿಟ್ಟಿಲ್ಲ ಮಗಾ. ಆ ಬುದ್ಧಿ ಅವನಿಗೂ ಇದ್ದಿದ್ರೆ ಇವತ್ತು ಮನೇಲಿರ್ತಿದ್ದ. ಆದ್ರೆ ಒಂದು ಮಾತು ಕೇಳ್ಬೇಕು. ನನ್ನ ಹುಡುಗ ಹಲ್ಲಿ ಕಂಡ್ರೆ ಮಂಚ ಹತ್ತೋನು. ಎರಡು ಹನಿ ಮಳೆಗೆ ಜ್ವರ ಹಿಡಿಸ್ಕೊಳ್ಳೋನು. ಅಂಥವನು ಗುಂಡಿನ ನಡುವೆ ಮೂರು ಜನಾನ ಹೊತ್ಕೊಂಡು ಬಂದ ಅಂತಾರೆ. ಹೆತ್ತ ಹೊಟ್ಟೆ ಒಪ್ತಾ ಇಲ್ಲ.”

“ದೊಡ್ಡ ಅಧಿಕಾರಿಗಳೇ ನೋಡಿದಾರಲ್ಲಮ್ಮ.”

ನೋಡಿದ್ದು ನಿಜ. ಎದುರು ಗುಡ್ಡದಿಂದ ದುರ್ಬೀನಿನಲ್ಲಿ ನೋಡಿ, ಕೋಟಿನ ಬೆನ್ನ ಮೇಲಿನ ಸಂಖ್ಯೆಯನ್ನು ಓದಿದ್ದರು. ಸಂಜೆ, ಕುಸಿದ ಠಾಣೆಯ ಚಾವಣಿಯಡಿ ಸಿಕ್ಕ ಶವದ ಮೈಮೇಲೆ ಅದೇ ಕೋಟಿತ್ತು. ಕಾಪಾಡಲ್ಪಟ್ಟ ಮೂವರಿಗೂ ಪ್ರಜ್ಞೆ ಇರಲಿಲ್ಲ. ಸೇನೆಗೆ ಅಷ್ಟು ಸಾಕ್ಷಿ ಧಾರಾಳವಾಯಿತು.

“ಅವರ ಮಾತು ಬೇಡ. ನೀನು ಹೇಳು,” ಎಂದಳು ಮುದುಕಿ. “ಸುಳ್ಳಾಗಿದ್ರೆ ನಾಳೆ ನಾನು ಹೋಗಲ್ಲ. ಸುಳ್ಳನ್ನ ಗೋಡೆಗೆ ನೇತುಹಾಕಿ, ಅದರ ಕೆಳಗೆ ಕೂತು ಉಂಡ್ರೆ ಅನ್ನ ಇಳಿಯುತ್ತಾ?”

ಅವನು ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿದ. ಉಣ್ಣೆಯನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಉಗಿ ಎದ್ದು ಇಬ್ಬರ ನಡುವೆ ನಿಂತಿತು. ಒಂದು ಮಾತು ಆಡಿದರೆ ಸಾಕಿತ್ತು. ಆದರೆ ಆ ಮಾತಿನ ಬೆಲೆ ಎದುರಿಗೇ ಕೂತಿತ್ತು, ಬಿಳಿ ತಲೆಯ ಮೇಲೆ ಸೆರಗು ಹೊದ್ದು.

“ಅಷ್ಟು ಚಳೀಲಿ ನಿನ್ನ ಕೋಟು ಎಲ್ಲಿ ಬಿಟ್ಟಿದ್ದೆ?” ಆಕೆ ಮತ್ತೆ ಕೇಳಿದಳು.

“ನನ್ನದು ಒಲೆ ಪಕ್ಕ ಸುಟ್ಟುಹೋಗಿತ್ತಮ್ಮ. ಇಬ್ಬರಿಗೂ ಇದೊಂದೇ. ಹೊರಗೆ ಹೋಗೋನು ಹಾಕ್ಕೊಳ್ಳೋದು, ಒಳಗೆ ಮಲಗೋನು ಹೊದ್ದುಕೊಳ್ಳೋದು.”

“ಹಾಗಿದ್ರೆ ಅವತ್ತು...”

“ಅವತ್ತು ಈ ಕೋಟು ಹಾಕ್ಕೊಂಡು ಹೋದೋನು ಮೂರು ಜನಾನೂ ಹೊತ್ತು ತಂದ,” ಎಂದ ಅವನು, ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ. “ನನ್ನಷ್ಟು ಹತ್ತಿರದಿಂದ ಕಂಡೋರು ಯಾರೂ ಇಲ್ಲ. ನೀವು ಧೈರ್ಯವಾಗಿ ಹೋಗಿ ಬನ್ನಿ.”

ಮುದುಕಿ ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಎದ್ದು, ಬೆಚ್ಚಗಿದ್ದ ಕೋಟನ್ನು ಕೂಸಿನಂತೆ ತೋಳಿಗೆ ತೆಗೆದುಕೊಂಡಳು. ಅವಳ ಬೆನ್ನು ಬಂದಾಗ ಇದ್ದದ್ದಕ್ಕಿಂತ ನೆಟ್ಟಗಿತ್ತು.

“ನಾಳೆ ನೀನೂ ಬಾ ಮಗಾ. ಹಿಂದಿನ ಸಾಲಲ್ಲಿ ಕೂತ್ಕೋ. ಯಾರಾದ್ರೂ ಏನಾದ್ರೂ ಅಂದ್ರೆ ನಾನಿದೀನಿ. ಎಲ್ಲರೂ ಅವನ ಥರ ಇರೋಕಾಗುತ್ತಾ?”

“ಆಗಲ್ಲಮ್ಮ,” ಎಂದ ಓಟಗಾರ.

ಆ ಮೂವರನ್ನು ಹೊತ್ತು ತಂದವನು ತಾನೆಂದು, ಆಮೇಲೆ ಜ್ವರದಲ್ಲಿ ನಡುಗುತ್ತಿದ್ದ ಅವಳ ಮಗನಿಗೆ ಕೋಟು ಹೊದಿಸಿ ತಾನು ಓಡಿದ್ದು ವೈದ್ಯರನ್ನು ಕರೆತರಲಿಕ್ಕೆಂದು, ಅವನು ಹೇಳಲಿಲ್ಲ.