ಸೋರಿದ ನಲ್ಲಿ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಅದನ್ನೇ ಕರಿಬೇವಿನ ಗಿಡಕ್ಕೆ ಹಾಕಿದೆ. ಬಚ್ಚಲಿನ ರಕ್ತಕ್ಕೆ ನೀರು ದಂಡ ಮಾಡುವಂತಿರಲಿಲ್ಲ. ಬೂದಿ ಹಾಕಿ ತಿಕ್ಕಿದೆ.

ನಮ್ಮ ಓಣಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮನೆಗೊಬ್ಬರು ಬಂದು ಅಲ್ಲಿಯ ಯಜಮಾನನಿಗೆ ಒಂದೊಂದು ಏಟು ಹಾಕಬೇಕು. ನನ್ನ ಗಂಡ ಗಿರಿಮಲ್ಲ ನಲ್ಲಿ ರಿಪೇರಿ ಮಾಡುತ್ತಿದ್ದಾಗಲೇ ಬಂದರು. ಅರ್ಧ ಓಣಿಯ ಸರದಿ ಮುಗಿಯುವ ಮೊದಲೇ ಅವನು ಸತ್ತ. ಉಳಿದವರೂ ಪದ್ಧತಿ ಬಿಡಲಿಲ್ಲ.

ಎದುರು ಮನೆಯ ಚನವೀರಣ್ಣ ಬಾಗಿಲಿಗೆ ಬಂದ.

“ನಾ ಮೆಲ್ಲಕ ಹೊಡದಿದ್ದೆ ತಂಗಿ, ನಮ್ಮ ಓಣಿ ಮಾಸ್ತರದು ಕೈ ಭಾರ. ನಿನ್ನ ಗಂಡ ನಲ್ಲಿ ಬಿಚ್ಚಾಕ ನನ್ನ ಪಾನಾ ಕೇಳಿದ ಮ್ಯಾಲ ಓಣಿಗೆ ಹೇಳದ ಸುಮ್ಮನಿರಾಕ ಆಗ್ತದೇನು? ಅಂದಂಗ, ಆ ಪಾನಾ ಇಲ್ಲೇ ಉಳದೈತಿ.”

“ಸಂಜಿಗೆ ತಂದು ಕೊಡ್ತೀನ್ರಿ ಅಣ್ಣಾ,” ಎಂದೆ.

ಮಧ್ಯಾಹ್ನ ಅವನ ಮನೆಯವರು ಮಲಗಿದಾಗ ಅವರ ಹಿತ್ತಲ ನಲ್ಲಿಯನ್ನು ಆ ಕಬ್ಬಿಣದ ಪಾನಾದಿಂದಲೇ ತಿರುಗಿಸಿ ಸಡಿಲಿಸಿದೆ. ನೀರು ಬೀದಿಗೆ ಹರಿಯಿತು. ಮನೆಮನೆಯಿಂದ ದೊಣ್ಣೆಗಳು ಹೊರಬಂದವು.

“ನನ್ನ ನಲ್ಲಿ ಗಟ್ಟಿ ಇತ್ರೋ!” ಎಂದು ಅವನು ಕೂಗಿದ.

ನಮ್ಮ ಮನೆಯಲ್ಲಿ ಈಗ ನಾನೊಬ್ಬಳೇ, ಹಾಗಾಗಿ ನಾನೇ ಹೋದೆ. ಪಾನಾ ಎತ್ತಿ ಅವನ ಹಣೆಗೆ ಬಲವಾಗಿ ಹೊಡೆದೆ. ಆಮೇಲೆ ಅದನ್ನು ಅವನ ಮಗ್ಗುಲಲ್ಲಿಟ್ಟು, ಮುಂದಿನವರಿಗೆ ದಾರಿ ಬಿಟ್ಟೆ.