ಅರವತ್ತಕ್ಕೆ ಉದ್ದ ತೋಳು

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಹತ್ತು ಗಂಟೆಯ ಹೊತ್ತು. ಜಪಾನಿನ ತೊಕಾಮಾಚಿ ಊರಿನ ಮನೆಗಳ ಸೂರಿನಿಂದ ಹಿಮ ಇನ್ನೂ ದೊಪ್ಪೆಂದು ಜಾರಿ ಬೀಳುತ್ತಿತ್ತು. ಶಿಗೆನೊ ಒಂದು ಬಟ್ಟೆಗಂಟನ್ನು ಬಗಲಲ್ಲಿ ಅಡಗಿಸಿಕೊಂಡು, ಕಿಮೊನೊ ಹೊಲಿಯುವ ಮಿತ್ಸುಯೊ ಅಜ್ಜಿಯ ಮನೆಗೆ ಬಂದಳು. ಬಿಚ್ಚಿದರೆ ಕೆಂಪು ರೇಷ್ಮೆಯ ಕಿಮೊನೊ, ಮೈತುಂಬ ಬಿಳಿ ಕೊಕ್ಕರೆ.

"ಅಜ್ಜಿ, ಇದರ ತೋಳು ಮೊದಲಿನ ಹಾಗೆ ಉದ್ದ ಮಾಡಿಕೊಡಿ. ಗುರುವಾರಕ್ಕೆ ಬೇಕು."

"ತೋಳೇನು ಕೂದಲಾ, ಬೆಳೆಯೋಕೆ? ನಿನ್ನ ಮದುವೆಯಾದ ವಾರ ನಾನೇ ಕತ್ತರಿಸಿದ್ದು. ಉದ್ದ ತೋಳು ಮದುವೆಯಾಗದ ಹುಡುಗೀರಿಗೆ. ಈಗ ಯಾರ ಮುಂದೆ ಬೀಸ್ಬೇಕು ಅಂತಿದೀಯ?"

"ಕಾಲ ಬದಲಾಯ್ತು ಅಜ್ಜಿ. ನಾವು ಶಾಲೆಯ ಗೆಳತೀರು ಐದು ಜನಕ್ಕೂ ಅರವತ್ತು ತುಂಬಿತು. ಇಪ್ಪತ್ತು ತುಂಬಿದ ಹಬ್ಬಕ್ಕೆ ಉಟ್ಟಿದ್ದನ್ನೇ ಉಟ್ಟು ಫೋಟೊ ತೆಗೆಸ್ಕೋತೀವಿ. ಈಗ ಎಲ್ಲ ಕಡೆ ಹೀಗೇನೇ. ಉಳಿದ ನಾಲ್ಕು ಜನರದ್ದೂ ತೋಳು ಹಾಗೇ ಇದೆ." ಶಿಗೆನೊಳ ದನಿ ಇಳಿಯಿತು. "ನಂದೊಂದೇ ಮೊಂಡು."

ಅಜ್ಜಿ ತೋಳಿನ ಅಂಚು ಸವರಿ ನೋಡಿದಳು. "ತುಂಡು ಇದ್ರೆ ಸೇರಿಸಬಹುದು. ಅವತ್ತು ನಿಮ್ಮತ್ತೆ ಕೈಗೆ ಕೊಟ್ಟಿದ್ದೆ. ಅವರನ್ನ ಕೇಳು."

"ಅತ್ತೇನಾ! ಅದಕ್ಕಿಂತ ಕರಡೀನ ಕೇಳೋದು ವಾಸಿ."

"ಯಾವ ಕರಡೀನ?" ಎನ್ನುತ್ತ ಯಾರೋ ಬಾಗಿಲು ಸರಿಸಿದರು. ಅತ್ತೆ ತೊವಾ! ಎಂಬತ್ತೆಂಟು ವರ್ಷ, ಮೈಮೇಲೆ ಎಂದಿನ ಇಲಿಬಣ್ಣದ ಮೇಲಂಗಿ. ಕೆಂಪು ರೇಷ್ಮೆ ಕಂಡದ್ದೇ ಎಲ್ಲ ಅರ್ಥವಾಯಿತು. "ಅರವತ್ತಕ್ಕೆ ಉದ್ದ ತೋಳಾ? ಹಾಗೇ ಎರಡು ಜಡೆ ಹಾಕ್ಕೊಂಡು ಶಾಲೆಗೂ ಹೋಗು. ಆ ತುಂಡು ಯಾವತ್ತೋ ಬಿಸಾಡ್ದೆ."

ಮಿತ್ಸುಯೊ ತೊವಾಳನ್ನೇ ನೋಡಿದಳು. ಆ ಕಾಲದ ಹೆಂಗಸು ರೇಷ್ಮೆ ಬಿಸಾಡುವುದೇ? ಜೊತೆಗೆ, ತೊವಾ ಮೇಲಂಗಿಯ ಎರಡು ಅಂಚನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಜ್ಜಿ ಚಹಾ ಬಗ್ಗಿಸಿ, ಕೋಣೆ ಬಿಸಿ ಮಾಡುವ ಸೀಮೆಎಣ್ಣೆ ಸ್ಟೌವಿನ ಕಿವಿ ತಿರುವಿ ಉರಿ ಸ್ವಲ್ಪ ಹೆಚ್ಚಿಸಿದಳು.

"ಮೇಲಂಗಿ ತೆಗೀರಿ ತೊವಾ-ಸಾನ್, ಸೆಕೆ."

"ನಂಗೆ ಚಳಿ."

ಇನ್ನೊಂದು ತಿರುವು. ತೊವಾಳ ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಮೂರನೆಯ ತಿರುವಿಗೆ ಅವಳು ಮೇಲಂಗಿ ಕಳಚಿ ಗಬಕ್ಕನೆ ಮಡಚಿದಳು. ಆದರೂ ಕಂಡಿತು. ಹೊರಗೆ ಇಲಿಬಣ್ಣ, ಒಳಪದರಕ್ಕೆ ಕೆಂಪು ರೇಷ್ಮೆ, ಬಿಳಿ ಕೊಕ್ಕರೆ.

"ನನ್ನ ಮದುವೆಯಾಗಿ ಮೂವತ್ತೈದು ವರ್ಷ!" ಶಿಗೆನೊ ಬಾಯಿ ಬಿಟ್ಟಳು. "ತುಟಿಗೆ ಒಂಚೂರು ಕೆಂಪು ಹಚ್ಚಿದ್ರೂ ಬೈತಿದ್ರಲ್ಲ ಅತ್ತೆ!"

"ಹೊರಗೆ ಕಾಣೋದಕ್ಕೆ ಬೈತಿದ್ದೆ," ಎಂದಳು ತೊವಾ. "ನಂಗೆ ಇಪ್ಪತ್ತಾದಾಗ ನಾನು ಬೇರೆಯವರು ಉಡೋ ರೇಷ್ಮೆ ನೇಯ್ತಾ ಕೂತಿದ್ದೆ," ಎಂದು ಮೇಲಂಗಿಯನ್ನು ಮಿತ್ಸುಯೊಳ ಮಡಿಲಿಗೆ ತಳ್ಳಿದಳು. "ಬಿಚ್ಚಿ."

"ಸೇರಿಸಿದ ಗೆರೆ ಕಾಣುತ್ತೆ," ಎಂದಳು ಮಿತ್ಸುಯೊ.

"ಕಾಣ್ಲಿ ಬಿಡಿ," ಎಂದಳು ಶಿಗೆನೊ.

ಗುರುವಾರ ಬೆಳಗ್ಗೆ ಫೋಟೊ ತೆಗೆಸಲು ಹೊರಟವರು ಇಬ್ಬರು. ಮುಂದೆ ಶಿಗೆನೊ. ಹಿಂದೆ, ಒಳಪದರವಿಲ್ಲದ ಮೇಲಂಗಿಯಲ್ಲಿ ನಡುಗುತ್ತ, ಸೊಸೆಯ ಎರಡು ತೋಳಿನ ತುದಿಯನ್ನೂ ಬೀದಿಯ ಕೆಸರಿಗೆ ತಾಗದಂತೆ ಎತ್ತಿ ಹಿಡಿದ ತೊವಾ.

"ಮೆಲ್ಲಗೆ ನಡಿಯೇ," ಎನ್ನುತ್ತಿದ್ದಳು, "ನನ್ನ ಅಂಗಿಯ ಒಳಪದರ ಕೊಳೆಯಾದೀತು!"