ಮೇಷ್ಟ್ರ ಮಡಚು ಪೆಟ್ಟಿಗೆ

ಒಗೆಯಲು ಹಾಕುವ ಮೊದಲು ಗಂಡನ ಕೋಟಿನ ಜೇಬು ತಡವಿದ ರಂಗನಾಯಕಿಯ ಕೈಗೆ ಸೀಮೆಸುಣ್ಣದ ಚೂರುಗಳ ಜೊತೆ ಒಂದು ಹಿಡಿ ಹಿತ್ತಾಳೆ ಕೀಲು ಬಂತು. ಪೆಟ್ಟಿಗೆಗೆ ಹಾಕುವ ಕೀಲು. ಅರಕಲಗೂಡಿನ ಡ್ರಾಯಿಂಗ್ ಮೇಷ್ಟ್ರು ಸಂಪತ್ಕುಮಾರನ ಮನೆಯಲ್ಲಿ ಪೆಟ್ಟಿಗೆಯ ಮಾತು ಬಂತೆಂದರೆ ವರ್ಗವಾಯಿತೆಂದೇ ಅರ್ಥ. ಆ ಮಹರಾಯ ಬಾಯಿಬಿಟ್ಟು ಹೇಳುವವನಲ್ಲ. ಹಾಸನ ಬಿಡುವಾಗಲೂ ಹಾಗೇ, ಹೊಳೆನರಸೀಪುರ ಬಿಡುವಾಗಲೂ ಹಾಗೇ. ಒಂದು ಬೆಳಿಗ್ಗೆ ಕುಂಚ ಹಿಡಿದು ಕೂತು, ಕಬ್ಬಿಣದ ಟ್ರಂಕಿನ ಮೇಲೆ ತನ್ನ ಹೆಸರಿನ ಕೆಳಗಿದ್ದ ಊರಿಗೆ ಕರಿಬಣ್ಣ ಬಳಿದು ಹೊಸ ಊರು ಬರೆಯುತ್ತಿದ್ದ. ಹೆಂಡತಿಯಾದವಳು ಅದನ್ನು ಓದಿಕೊಂಡು ಪಾತ್ರೆ ಪಡಗ ಕಟ್ಟಬೇಕು.

ಹಿಂದೆಲ್ಲ ಒಂದಿಷ್ಟು ಅತ್ತು ಕಟ್ಟುತ್ತಿದ್ದಳು. ಈ ಸಲ ಹಾಗಲ್ಲ. ಮಹಿಳಾ ಸಮಾಜದವರು ಶಿಶುವಿಹಾರ ತೆರೆದು ಅವಳನ್ನೇ ಅಲ್ಲಿ ಟೀಚರ್ ಮಾಡಿದ್ದರು. ಮಕ್ಕಳಿಲ್ಲದ ಅವಳ ಸೆರಗನ್ನು ಚಿಳ್ಳೆಪಿಳ್ಳೆಗಳು 'ಟೀಚರಮ್ಮಾ' ಎಂದು ಹಿಡಿದು ಜಗ್ಗುವಾಗ ಆಗುತ್ತಿದ್ದ ಸಂತೋಷ ಯಾರಿಗೂ ಹೇಳಿಕೊಳ್ಳುವಂಥದಲ್ಲ. ಊರು ಬಿಟ್ಟರೆ ಅದೂ ಹೋಯಿತು. ಹೆಂಡತಿ ಹೊರಗೆ ದುಡಿಯುವುದು ಗಂಡನಿಗೆ ಹಿಡಿಸಿಲ್ಲ, ತಾನೇ ಅರ್ಜಿ ಹಾಕಿ ವರ್ಗ ಕೇಳಿಕೊಂಡಿದ್ದಾನೆ ಎಂಬ ಗುಮಾನಿ ಅವಳ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಡಲೊಲ್ಲದು.

ಹುಡುಕಿದವಳಿಗೆ ಅಟ್ಟದಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು. ಹಳೇ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಮಾಡಿದ ಅಂಗೈಯಗಲದ ಮಾದರಿ ಪೆಟ್ಟಿಗೆ. ಬೆರಳಲ್ಲಿ ಒತ್ತಿದರೆ ಪಕ್ಕಗಳು ಒಳಕ್ಕೆ ಮಡಚಿಕೊಂಡು ಚಪ್ಪಟೆಯಾಗಿ ಮಲಗಿಬಿಡುತ್ತಿತ್ತು. ನೆಟ್ಟಗೆ ನಿಂತಿರುವ ಪೆಟ್ಟಿಗೆಯನ್ನು ಮಲಗಿಸುವುದು ಯಾತಕ್ಕೆ? ಹೆಂಡತಿಯ ಕಣ್ಣಿಗೆ ಬೀಳದಿರಲಿ ಎಂದಲ್ಲದೆ ಮತ್ತೇನು? ಊಟಕ್ಕೆ ಬಡಿಸುತ್ತ, ಸ್ಕೂಲಿನಲ್ಲಿ ಏನು ವಿಶೇಷ ಎಂದು ಸುತ್ತಿಬಳಸಿ ಕೇಳಿದಳು. ಸಾರು ಚೆನ್ನಾಗಿದೆ ಎಂದ. ಸಾರಿಗೆ ಅವತ್ತು ಅವಳು ಉಪ್ಪೇ ಹಾಕಿರಲಿಲ್ಲ.

ಮರುದಿನ ಶಿಶುವಿಹಾರ ಮುಗಿಸಿ ನೇರ ಬಡಗಿ ದೊಡ್ಡಯ್ಯನ ಕೊಟ್ಟಿಗೆಗೆ ಹೋದಳು. ಎಲ್ಲ ಗೊತ್ತಿದ್ದವಳ ಹಾಗೆ, ಮೇಷ್ಟ್ರ ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಿದಳು.

ದೊಡ್ಡಯ್ಯ ಉಳಿ ಕೆಳಗಿಟ್ಟ. "ಎಷ್ಟ್ ಕಿತ ಬಿಚ್ಚಿಸವ್ರೋ ಅಮ್ಮಾರೆ. ಮಡಚಿದ್ರೆ ಎರಡು ಬೆರಳು ದಪ್ಪ ಇರ್ಬೇಕಂತೆ. ಕೀಲು ಎದ್ ನಿಂತ್ಕತದೆ, ಆಗಾಕಿಲ್ಲ ಸಾ ಅಂದ್ರೆ, ಕೀಲನ್ನೇ ಅಲಗೆ ಒಳಿಕ್ಕೆ ಇಳ್ಸು ಅಂತಾರೆ. ಇವತ್ತು ಸರಿಯಾಯ್ತು ಕಣಿ."

"ಮೇಲೆ ಯಾವ ಊರು ಬರೀಬೇಕಂತೆ?"

"ಊರೂ ಬ್ಯಾಡ, ಎಸ್ರೂ ಬ್ಯಾಡ ಅಂದ್ರು. ಯಾರ್ಗೂ ಏಳ್ಬ್ಯಾಡ ಅಂತಾನೂ ಅಂದಿದ್ರು," ಎಂದವನು ನಾಲಿಗೆ ಕಚ್ಚಿಕೊಂಡ.

ಸಂಜೆ ಸಂಪತ್ಕುಮಾರ ಗೋಣಿತಾಟು ಸುತ್ತಿದ ಹಲಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಾಗ ರಂಗನಾಯಕಿ ಹೊಸಿಲಿನಲ್ಲೇ ಅಡ್ಡ ನಿಂತಿದ್ದಳು.

"ಎಲ್ಲಿಗೆ ಹಾಕಿಸಿಕೊಂಡ್ರಿ ವರ್ಗ?"

ಅವನು ಹಲಗೆಯನ್ನು ಕೆಳಗಿಳಿಸಿದ. "ಹಾಕಿಸಿಕೊಂಡಿದ್ದಲ್ಲ, ಹಾಕಿದ್ದಾರೆ. ಚನ್ನರಾಯಪಟ್ಟಣಕ್ಕೆ."

"ನಾನು ಬರೋದಿಲ್ಲ." ಮದುವೆಯಾದಾಗಿನಿಂದ ಅಂಥ ಮಾತು ಅವಳ ಬಾಯಿಂದ ಬಂದದ್ದಿಲ್ಲ.

"ಗೊತ್ತು," ಎಂದು ಅವನು ಗೋಣಿತಾಟು ಬಿಚ್ಚಿದ. ಪಟ್ಟಿ ಹಿಡಿದು ಎಳೆದದ್ದೇ ತಡ, ಹಲಗೆ ಸದ್ದಿಲ್ಲದೆ ಎದ್ದು ಪೆಟ್ಟಿಗೆಯಾಗಿ ನಿಂತಿತು. ಆಮೇಲೆ ಆ ಮಾತುಗಳ್ಳ ಒಂದು ವರ್ಷದ ಮಾತನ್ನು ಒಟ್ಟಿಗೆ ಆಡಿದ. ಚನ್ನರಾಯಪಟ್ಟಣದಲ್ಲಿ ಒಂದು ಕೋಣೆ ಹಿಡಿಯುತ್ತಾನಂತೆ. ಶನಿವಾರ ಹೊಳೆನರಸೀಪುರದ ಮೇಲೆ ಬಸ್ಸಿನಲ್ಲಿ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಾನಂತೆ. ಅವಳು ಮಕ್ಕಳಿಗೆ ಹಾಡು ಹೇಳಿಕೊಡುವುದನ್ನು ಶಿಶುವಿಹಾರದ ಕಿಟಕಿಯಲ್ಲಿ ನಿಂತು ನೋಡಿದ್ದನಂತೆ, ಅದನ್ನು ಬಿಡಿಸುವ ಮನಸ್ಸಿಲ್ಲ. ಮೊದಲೇ ಹೇಳಿದ್ದರೆ ಅವಳು ಅಭ್ಯಾಸಬಲದಿಂದ ಪಾತ್ರೆ ಕಟ್ಟಲು ಕೂರುತ್ತಿದ್ದಳು, ಅದಕ್ಕೇ ಪೆಟ್ಟಿಗೆ ಮುಗಿಯಲಿ ಎಂದು ಕಾದನಂತೆ.

ಗುಮಾನಿ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಮಡಚೋದು ಯಾಕೆ ಮತ್ತೆ?" ಎಂದಳು.

"ಭಾನುವಾರವೆಲ್ಲ ಅದು ನಡುಮನೇಲಿ ನಿಂತಿದ್ರೆ ನಾನು ನೆಂಟ ಅನ್ನಿಸಿಬಿಡುತ್ತೆ ಕಣೆ. ಬಂದ ತಕ್ಷಣ ಮಡಚಿ ಬಾಗಿಲ ಹಿಂದೆ ಇಟ್ಟುಬಿಡೋಣ ಅಂತ."

ರಂಗನಾಯಕಿಗೆ ನಾಚಿಕೆಯಾಯಿತು. ಕೆಲಸ ಉಳಿಯಿತೆಂದು ಜೀವ ಹಗುರವೂ ಆಯಿತು. ಅವನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಮೇಲೆ ಪೆಟ್ಟಿಗೆಯ ಮುಂದೆ ಕೂತು ಒಳಗೆ ಕೈಯಾಡಿಸಿದಳು. ಪಂಚೆಗೆ ಒಂದು ಜಾಗ, ಅಂಗಿಗೆ ಒಂದು ಜಾಗ, ಕುಂಚಗಳಿಗೆ ಬೇರೆ ಸಂದು. ಎಲ್ಲವನ್ನೂ ಅಳೆದು ಮಾಡಿಸಿದ್ದ. ತನ್ನನ್ನು ಎಳೆದುಕೊಂಡು ಹೋಗುತ್ತಾನೆಂದು ಇಷ್ಟು ದಿನ ಹೆದರಿದ್ದಳೇ ಹೊರತು, ಬಿಟ್ಟು ಹೋಗಬಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಒಳಗಿನಿಂದ ಅವನ ಬಟ್ಟೆಗಳನ್ನು ತಂದು ಜೋಡಿಸಿದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಹಿಡಿಸಿದವು. ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ಕೇಳುತ್ತಿತ್ತು. ಎದ್ದು ಹೋಗಿ ತನ್ನದೊಂದು ತೆಳು ಸೀರೆ ತಂದು ಎಲ್ಲದರ ಮೇಲಿಟ್ಟು ಮುಚ್ಚಳ ಹಾಕಿದಳು. ಮೊಣಕೈ ಊರಿ ಒತ್ತಿದಳು. ಚಿಲಕ ಬೀಳಲಿಲ್ಲ.